ಹೂಂಗುಟ್ಟುವ ಈರಣ್ಣನ ಜರ್ಮನ್

ಸಿಂಗಟಗೆರೆಯ ದೇವೀರಪ್ಪನ ಮಗ ಈರಣ್ಣ ಮೈಸೂರಿನ ಕಾಲೇಜಿನಲ್ಲಿ ಜರ್ಮನ್ ಓದುತ್ತಿದ್ದಾನೆ ಎಂದರೆ, ಅದಕ್ಕೆ ಏನೋ ಘನವಾದ ಕಾರಣವಿರಬೇಕು ಎಂದು ಊರವರು ತಿಳಿದಿದ್ದರು. ಕಾರಣ ಎಳ್ಳಷ್ಟೂ ಇರಲಿಲ್ಲ. ಕಾಲೇಜು ಸೇರುವ ದಿನ ಕಿಟಕಿಯ ಆಚೆ ಕೂತಿದ್ದ ಗುಮಾಸ್ತ ತಲೆ ಎತ್ತದೆ, "ಎರಡನೇ ಭಾಷೆ ಯಾವುದಪ್ಪಾ? ಉಳಿದಿದ್ದೆಲ್ಲ ಭರ್ತಿ ಆಗಿದೆ. ಜರ್ಮನ್ ಅಂತ ಬರ್ಕೊಳ್ಲಾ?" ಎಂದು ಕೇಳಿದ್ದ. ಈರಣ್ಣ "ಹೂಂ ಸಾರ್" ಎಂದಿದ್ದ. ಗುಮಾಸ್ತ ಚೀನೀ ಭಾಷೆ ಎಂದಿದ್ದರೂ ಅದೇ ಉತ್ತರ ಬರುತ್ತಿತ್ತು. ಯಾರು ಏನು ಕೇಳಿದರೂ ಹೂಂ ಎನ್ನುವುದು ಹುಡುಗನ ಜಾಯಮಾನ. ಕೋಲೆಬಸವನಾದರೂ ಒಮ್ಮೊಮ್ಮೆ ಅಡ್ಡಡ್ಡ ತಲೆ ಆಡಿಸೀತು, ಇವನು ಮಾತ್ರ ಉದ್ದುದ್ದಕ್ಕೇ ಆಡಿಸುವವನು.

ಆದರೆ ಹೂಂ ಎಂದು ಕಟ್ಟಿಕೊಂಡ ಹೆಂಡತಿಯ ಮೇಲೂ ಪ್ರೀತಿ ಹುಟ್ಟುವುದುಂಟಲ್ಲ, ಹಾಗಾಯಿತು. ಆರು ತಿಂಗಳಲ್ಲಿ ಈರಣ್ಣನಿಗೆ ಆ ಭಾಷೆಯ ಹುಚ್ಚು ಹಿಡಿಯಿತು. ಕ್ರಿಯಾಪದವನ್ನು ಕೊನೆಗೆ ತಂದು ಕೂರಿಸುವ ವಾಕ್ಯ ಸಿಕ್ಕಿದರೆ ನೆಂಟರು ಕಂಡಷ್ಟು ಖುಷಿ. ಹಿಮ ಎಂದರೇನೆಂದು ಕಣ್ಣಾರೆ ಕಾಣದವನು ಹಿಮದ ಮೇಲಿನ ಹಾಡುಗಳನ್ನು ಹಾಸ್ಟೆಲಿನ ಬಚ್ಚಲಲ್ಲಿ ಹಾಡಿಕೊಳ್ಳುತ್ತಿದ್ದ. ಎರಡು ವರ್ಷ ಕಳೆಯುವಷ್ಟರಲ್ಲಿ ಅವನಿಗೆ ಜೀವನದಲ್ಲಿ ಮೊದಲ ಸಲ ಏನೋ ಒಂದು ತನಗೇ ಬೇಕು ಅನ್ನಿಸಿತ್ತು. ಮುಂದಿನ ಎರಡು ವರ್ಷ ಜರ್ಮನ್ನನ್ನೇ ಮುಖ್ಯ ವಿಷಯ ಮಾಡಿಕೊಂಡು ಓದಬೇಕು, ಅದರ ಸಾಹಿತ್ಯ, ಅದರ ತತ್ತ್ವಶಾಸ್ತ್ರ ಎಲ್ಲವನ್ನೂ.

ಅದಕ್ಕೆ ಸಾವಿತ್ರಮ್ಮ ಮೇಡಂ ರುಜು ಹಾಕಬೇಕಿತ್ತು. ಎರಡನೇ ಮಹಾಯುದ್ಧಕ್ಕೆ ಮೊದಲು ಮೂರು ವರ್ಷ ಆ ದೇಶದಲ್ಲೇ ಇದ್ದು ಕಲಿತು ಬಂದಾಕೆ. ಆಕೆಯ ಬಾಯಿಗೆ ಹೆದರದ ವಿದ್ಯಾರ್ಥಿ ಇರಲಿಲ್ಲ. ಮಾರ್ಚಿಯಲ್ಲಿ ಈರಣ್ಣನ ಬಾಯಿಪರೀಕ್ಷೆ ಮುಗಿದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಪುಸ್ತಕ ಏನು ಹೇಳುತ್ತೆ ಅಂತ ನೀನು ಚೆನ್ನಾಗಿ ಹೇಳಿದೆ. ಅದು ನನಗೂ ಗೊತ್ತು. ನೀನೇನು ಹೇಳ್ತೀಯ, ಅದು ಗೊತ್ತಾಗಲಿಲ್ಲ. ಎರಡು ವರ್ಷದಲ್ಲಿ ನೀನು ಒಂದು ಸಲವೂ ಯಾವುದಕ್ಕೂ ಅಲ್ಲ ಅಂದಿದ್ದು ನಾನು ಕೇಳಿಲ್ಲ. ಅಂಥವನು ತತ್ತ್ವಶಾಸ್ತ್ರ ತಗೊಂಡು ಏನು ಮಾಡ್ತಾನೆ?"

"ಹೂಂ ಮೇಡಂ" ಎಂದ ಈರಣ್ಣ.

ಮೇಡಂ ನಗಲಿಲ್ಲ. ಅವರ ಅಣ್ಣ ತರೀಕೆರೆಯಲ್ಲಿ ಅಮಲ್ದಾರರು. ರಜಕ್ಕೆ ಅಲ್ಲಿರುತ್ತೇನೆ, ಮೇ ಹದಿನೈದನೇ ತಾರೀಕು ಸಂಜೆ ನಾಲ್ಕು ಗಂಟೆಗೆ ಬಾ ಎಂದರು. ಒಬ್ಬ ಜರ್ಮನ್ ತತ್ತ್ವಜ್ಞಾನಿಯ ನಲವತ್ತು ಪುಟಗಳನ್ನು ಕೈಗೆ ಕೊಟ್ಟರು. ಅದನ್ನು ಓದಿ, ಅದರ ಮೇಲೆ ಅವನ ಸ್ವಂತ ಮಾತು ಹೇಳಬೇಕು, ಜರ್ಮನ್ನಿನಲ್ಲೇ. ಹೇಳಿದರೆ ರುಜು. ಇಲ್ಲದಿದ್ದರೆ ಹದಿನಾರನೇ ತಾರೀಕು ಆ ಜಾಗ ಇನ್ನೊಬ್ಬನಿಗೆ.

ಊರಿಗೆ ಬಂದರೆ ಅಪ್ಪ ದೇವೀರಪ್ಪ ಇನ್ನೊಂದು ಏರ್ಪಾಟು ಮಾಡಿಟ್ಟಿದ್ದ. ಕಡೂರಿನ ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ ಖಾಲಿ ಇತ್ತು. "ಆವಮ್ಮ ಬೇಡ ಅಂದ್ರೆ ಸೀದಾ ಬಂದು ಸೊಸೈಟಿಗೆ ಸೇರ್ಕ. ದಿನಾ ಬಸ್ಸಲ್ಲಿ ಹೋಗಿ ಬರಬೌದು" ಎಂದ. ಈ ಏರ್ಪಾಟಿಗೆ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಅಜ್ಜಿ ತಿಮ್ಮಕ್ಕ. ತಾಯಿ ಇಲ್ಲದ ಮೊಮ್ಮಗನನ್ನು ಎತ್ತಿ ಆಡಿಸಿ ಬೆಳೆಸಿದವಳು. ಅವನು ಮೈಸೂರಿಗೆ ಹೋದ ಎರಡು ವರ್ಷವೂ ಮುದ್ದೆ ತಿರುವುವಾಗ ಒಬ್ಬರದು ಹೆಚ್ಚೇ ಹಾಕಿ, ಆಮೇಲೆ ನೆನಪಾಗಿ ಬೈದುಕೊಳ್ಳುತ್ತಿದ್ದವಳು.

ಈರಣ್ಣ ಏನು ಮಾಡಿದ? ಮಾಡುವುದೇನು, ನಲವತ್ತು ಪುಟವನ್ನೂ ಬಾಯಿಪಾಠ ಮಾಡಿದ. ಕೆರೆ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ನಡೆಯುತ್ತ ದಿನಕ್ಕೆ ಒಂದು ಪುಟ. ಸ್ವಂತ ಮಾತು ಎಲ್ಲಿಂದ ತರುವುದು ಎಂದು ಮಾತ್ರ ತಿಳಿಯಲಿಲ್ಲ. ಸ್ವಂತ ಮಾತು ಎಂಬುದು ತನ್ನೊಳಗೆ ಇದೆಯೇ ಎಂಬುದೇ ಅವನಿಗೆ ಅನುಮಾನವಾಗಿತ್ತು. ಆ ಅನುಮಾನದಲ್ಲಿ ಎಷ್ಟೋ ಸಲ ಊಟ ಸೇರುತ್ತಿರಲಿಲ್ಲ.

"ಅದೇನಂತಾನೋ ಆ ನಿನ್ನ ಜರ್ಮನಿಯೋನು?" ಎಂದು ತಿಮ್ಮಕ್ಕ ಒಂದು ದಿನ ಕೇಳಿದಳು.

"ನಮಗೆ ಕಾಣೋದೆಲ್ಲ ನಮ್ಮ ಕಣ್ಣು ಕಿವಿಗೆ ತಕ್ಕಂಗೆ ಕಾಣೋದಂತೆ ಅಜ್ಜಿ. ಒಂದು ವಸ್ತು ತನ್ನಷ್ಟಕ್ಕೆ ತಾನು ಹೆಂಗೈತೆ ಅಂತ ಯಾರಿಗೂ ಗೊತ್ತಾಗಲ್ವಂತೆ."

"ಸರಿಯಾಗೇಳವ್ನಾ?"

"ಹೂಂ."

"ತಪ್ಪೇಳಿರಬೌದಾ?"

"ಹೂಂ."

ತಿಮ್ಮಕ್ಕ ಹಣೆ ಚಚ್ಚಿಕೊಂಡು ಒಳಗೆ ಹೋದಳು.

ಹದಿನೈದನೇ ತಾರೀಕು ಬಂತು. ತಾನೂ ಬರುತ್ತೇನೆಂದು ತಿಮ್ಮಕ್ಕ ಹಿಂದಿನ ದಿನವೇ ಹಟ ಹಿಡಿದಿದ್ದಳು. ತನ್ನ ಮೊಮ್ಮಗನನ್ನು ಪಾಸು ಫೇಲು ಮಾಡುವ ಹೆಂಗಸು ಹೇಗಿದ್ದಾಳೆ ನೋಡಬೇಕಂತೆ. ಈರಣ್ಣ ಹೂಂ ಎಂದ. ದೊಡ್ಡವರ ಮನೆಗೆ ಬರಿಗೈಯಲ್ಲಿ ಹೋಗಬಾರದು ಎಂದು ಅಟ್ಟದ ಮೇಲಿಂದ ಹತ್ತು ಕಾಯಿ ಇಳಿಸಿ, ಸುಲಿಸಿ, ಚೀಲಕ್ಕೆ ಹಾಕಿ, ಹೊರುವುದಕ್ಕೆ ಅವನ ಹೆಗಲಿಗೇ ಕೊಟ್ಟಳು. ಅದಕ್ಕೂ ಹೂಂ.

ಬೆಳಗಿನ ಬಸ್ಸಿಗೆ ಕಡೂರು, ಕಡೂರಿನಿಂದ ರೈಲಿನಲ್ಲಿ ಬೀರೂರು. ಬೀರೂರಿನಲ್ಲಿ ರೈಲು ಬದಲಾಯಿಸಬೇಕು. ಶಿವಮೊಗ್ಗದ ಕಡೆ ಹೋಗುವ ಗಾಡಿ ಹತ್ತಿದರೆ ತರೀಕೆರೆ. ಹುಬ್ಬಳ್ಳಿ ಕಡೆಯದು ಹತ್ತಿದರೆ ಅಜ್ಜಂಪುರ. ಆವತ್ತು ಎರಡೂ ಗಾಡಿ ನಿಂತಿದ್ದವು. ತಿಮ್ಮಕ್ಕ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, "ಇದೇ ಕಣೋ, ಬಾ ಬಾ" ಎಂದು ಒಂದನ್ನು ಹತ್ತಿಯೇ ಬಿಟ್ಟಳು. ಈರಣ್ಣನಿಗೆ ಎಲ್ಲೋ ಏನೋ ತಪ್ಪಿದೆ ಅನ್ನಿಸಿತು. ಮೈಸೂರಿಗೆ ಹೋಗಿ ಬರುವವನು, ಗಾಡಿಗಳ ಮೇಲಿನ ಹಲಗೆ ಓದಲು ಬರುವವನು. ಓದಿದ ಕೂಡ. ಆದರೆ ಅಜ್ಜಿ ಇದೇ ಎಂದಳಲ್ಲ! ಹಲಗೆಯನ್ನು ನಂಬುವುದೋ ಅಜ್ಜಿಯನ್ನು ನಂಬುವುದೋ ಎಂದು ಯೋಚಿಸುತ್ತಿರುವಾಗ ಗಾಡಿ ಕೂಗಿತು. ಅವನು ಹತ್ತಿ ಅಜ್ಜಿಯ ಪಕ್ಕ ಕೂತು, ಇಪ್ಪತ್ತೆರಡನೇ ಪುಟವನ್ನು ಮನಸ್ಸಿನಲ್ಲೇ ಒಪ್ಪಿಸತೊಡಗಿದ.

ಅಜ್ಜಂಪುರದ ಸ್ಟೇಷನ್ನು ಬಂದಾಗ ಅನುಮಾನಕ್ಕೆ ಜಾಗವೇ ಉಳಿಯಲಿಲ್ಲ. ಇಬ್ಬರೂ ಇಳಿದರು. ಹನ್ನೆರಡೂವರೆ ಬಿಸಿಲು. ಗಾಡಿ ಹೊರಟುಹೋಯಿತು.

"ಅಜ್ಜಿ, ಇದು ಅಜ್ಜಂಪುರ."

"ಹೌದಾ? ವಯಸ್ಸಾಯ್ತು ಕಣೋ, ಕಣ್ಣು ಕಾಣಲ್ಲ" ಎಂದಳು ತಿಮ್ಮಕ್ಕ. ಆದರೆ ಅವಳ ಮಗಳು ತೀರ್ಥಮ್ಮನನ್ನು ಕೊಟ್ಟಿದ್ದು ಇದೇ ಅಜ್ಜಂಪುರಕ್ಕೆ. ವರ್ಷಕ್ಕೆ ಮೂರು ಸಲ ಇದೇ ಗಾಡಿಯಲ್ಲಿ, ಯಾರ ನೆರವೂ ಇಲ್ಲದೆ ಬಂದು ಹೋಗುವವಳು ಅವಳು. ಈರಣ್ಣ ಅವಳ ಮುಖವನ್ನೇ ನೋಡಿದ. ತಿಮ್ಮಕ್ಕನಿಗೆ ಸುಳ್ಳು ಹೇಳಲು ಬರುತ್ತಿತ್ತು, ಅದನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲು ಬರುತ್ತಿರಲಿಲ್ಲ.

"ಹೂಂ ಕಣೋ, ಗೊತ್ತಿದ್ದೇ ಹತ್ತುಸ್ದೆ. ಏನೀಗ? ಸೊಸೈಟಿಗೆ ಸೇರ್ಕಂಡು ಕಣ್ಮುಂದೆ ಇರ್ಲಿ ಅಂತ ಹತ್ತುಸ್ದೆ. ಈವತ್ತೊಂದಿನ ಕಳೆದ್ರೆ ಆಯ್ತಲ್ಲ ಅಂತ ಹತ್ತುಸ್ದೆ. ನಿಂಗೂ ಗೊತ್ತಾಗಿತ್ತು. ಹಲಗೆ ನೋಡಿದ್ನ ನಾನು ನೋಡ್ದೆ. ನೀನ್ಯಾಕೆ ಬಾಯಿ ಬಿಡ್ಲಿಲ್ಲ?"

ಈರಣ್ಣ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತ. ಎರಡು ತಿಂಗಳು ಕೆರೆ ಏರಿಯ ಮೇಲೆ ನಡೆದ ಕಾಲು ಈಗ ನೋಯತೊಡಗಿತು. ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಗಂಟಲವರೆಗೆ ಬಂದು ಅಲ್ಲೇ ಕರಗಿತು. ಅವನು ಹೇಳಿದ್ದು ಇಷ್ಟೇ.

"ಹೋಗ್ಲಿ ಬಿಡು ಅಜ್ಜಿ. ನಡಿ, ಅತ್ತೆ ಮನೆಗೆ ಹೋಗಣ."

ತಿಮ್ಮಕ್ಕ ಜಗಳಕ್ಕೆ ಸಿದ್ಧವಾಗಿದ್ದಳು. ಬೈದರೆ ಬೈಸಿಕೊಳ್ಳಲು, ಅತ್ತರೆ ಸಮಾಧಾನ ಮಾಡಲು, ಕೊನೆಗೆ ಗೆಲ್ಲಲು. ಹೀಗೆ ಪುಕ್ಕಟೆ ಗೆಲುವು ಕೈಗೆ ಬಂದು ಬಿದ್ದಿದ್ದು ಅವಳಿಗೆ ಸಹಿಸಲಾಗಲಿಲ್ಲ. ಮೊಮ್ಮಗನ ಬಗ್ಗಿದ ತಲೆಯನ್ನು ನೋಡಿದಳು. ಇವನನ್ನು ಹೀಗೆ ಮಾಡಿದವಳು ತಾನೇ ಎಂದು ಅವಳಿಗೆ ಹೊಳೆದಿರಬೇಕು, ಯಾಕೆಂದರೆ ಅವಳ ದನಿ ಇದ್ದಕ್ಕಿದ್ದಂತೆ ಏರಿತು.

"ಹೋಗ್ಲಿ ಬಿಡು ಅಂತೀಯಲ್ಲೋ! ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನಂತೆ, ನೀನು ಸುಗ್ಗೀಲೇ ಉಪವಾಸ ಸಾಯ್ತೀಯ. ಏಳೋ ಮೇಲೆ! ಆವಮ್ಮ ಕಾಯ್ತಾ ಕೂತಿರ್ತಾಳೆ."

"ಗಾಡಿ ಇಲ್ವಲ್ಲ ಅಜ್ಜಿ."

"ಗಾಡಿ ನಾನು ತರ್ತೀನಿ."

ತಂದಳು. ಪೇಟೆಯ ಬೀದಿಯಲ್ಲಿ ಅಳಿಯನ ಕಡೆ ಪರಿಚಯದ ಈರಭದ್ರಪ್ಪ ಎಂಬುವನ ಲಾರಿ ಹಿಂಡಿ ಮೂಟೆ ತುಂಬಿಕೊಂಡು ತರೀಕೆರೆಗೆ ಹೊರಟು ನಿಂತಿತ್ತು. ಮುಂದೆ ಜಾಗವಿಲ್ಲ ಅಕ್ಕಾ ಎಂದ ಅವನು. ಮೂಟೆ ಮೇಲೆ ಕೂರ್ತೀವಿ ಎಂದಳು ಅವಳು. ಬಿದ್ದರೆ ನನ್ನ ತಲೆಗೆ ಬರುತ್ತೆ ಎಂದ. ಬಿದ್ದರೆ ನನ್ನ ಸೊಂಟಕ್ಕೆ ಬರುತ್ತೆ, ನಿನ್ನ ತಲೆಗ್ಯಾಕೆ ಬಂತು ಎಂದಳು. ಈರಭದ್ರಪ್ಪ ಸೋತ. ಅರವತ್ತೆಂಟು ವರ್ಷದ ಮುದುಕಿ ಚಕ್ರದ ಮೇಲೆ ಕಾಲಿಟ್ಟು ಹಿಂಡಿ ಮೂಟೆಯ ಮೇಲೆ ಹತ್ತಿ ಕೂತು, ಸೆರಗು ತಲೆಗೆ ಬಿಗಿದು, "ಬಿಡಪ್ಪಾ" ಎಂದು ಅಪ್ಪಣೆ ಕೊಟ್ಟಳು. ಲಾರಿ ನಡುವೆ ಎರಡು ಕಡೆ ಮೂಟೆ ಇಳಿಸಿತು, ಒಂದು ಕಡೆ ನೀರು ಕುಡಿಯಿತು. ದಾರಿಯುದ್ದಕ್ಕೂ ಈರಣ್ಣ ಮೂಟೆಯ ಹಗ್ಗ ಹಿಡಿದುಕೊಂಡು, ಮೂವತ್ತನೇ ಪುಟವಾದ ಮೇಲೆ ಏನು ಬರುತ್ತದೆ ಎಂದು ನೆನಪಿಸಿಕೊಳ್ಳುತ್ತಿದ್ದ.

ಅಮಲ್ದಾರರ ಮನೆ ಮುಟ್ಟಿದಾಗ ಐದು ಗಂಟೆಯ ಹತ್ತಿರ. ಸಾವಿತ್ರಮ್ಮ ಮೇಡಂ ಜಗುಲಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೈತುಂಬ ಹಿಂಡಿಯ ಧೂಳು ಮೆತ್ತಿಕೊಂಡ ಇಬ್ಬರನ್ನು ಕಂಡು ಮೊದಲು ಯಾರೆಂದು ತಿಳಿಯಲಿಲ್ಲ. ತಿಳಿದ ಮೇಲೆ ಕಾಲು ತೊಳೆಯಲು ನೀರು ಕೊಡಿಸಿದರು, ಅಜ್ಜಿಗೆ ಚಾಪೆ ಹಾಕಿಸಿದರು. ತಡವಾದದ್ದಕ್ಕೆ ಕಾರಣ ಕೇಳಲಿಲ್ಲ. "ಶುರು ಮಾಡು" ಎಂದರು, ಜರ್ಮನ್ನಿನಲ್ಲಿ.

ಈರಣ್ಣ ಮೊದಲ ಪುಟದಿಂದ ಒಪ್ಪಿಸತೊಡಗಿದ. ಎರಡನೇ ಪುಟದ ನಡುವೆ ಮೇಡಂ ಕೈ ಎತ್ತಿದರು.

"ಸಾಕು. ಇದು ನಾನೇ ಕೊಟ್ಟಿದ್ದು. ನೀನು ತಂದಿದ್ದೇನು?"

ಈರಣ್ಣ ಏನೂ ತಂದಿರಲಿಲ್ಲ.

ಏನೋ ಕೆಟ್ಟಿತು ಎಂಬುದಷ್ಟು ತಿಮ್ಮಕ್ಕನಿಗೆ ಗೊತ್ತಾಯಿತು. ತನ್ನ ಕೈಲಾದದ್ದು ಮಾಡೋಣವೆಂದು ಚೀಲ ಎಳೆದುಕೊಂಡು, "ಅಮ್ಮಾವ್ರೇ, ನಮ್ಮನೇವು ನಾಕು ಕಾಯಿ ತಂದಿವ್ನಿ" ಎಂದು ಒಂದೊಂದನ್ನೇ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಇಡತೊಡಗಿದಳು. ಏಳನೆಯದನ್ನು ಎರಡು ಸಲ ಅಲ್ಲಾಡಿಸಿ ಪಕ್ಕಕ್ಕಿಟ್ಟಳು.

"ಅದೇನು ಅಜ್ಜಿ, ಅದನ್ನ ಯಾಕೆ ಬೇರೆ ಇಟ್ರಿ?" ಎಂದು ಮೇಡಂ ಕೇಳಿದರು.

"ಅದಿನ್ನೂ ಹಸಿ. ವರ್ಷಗಟ್ಲೆ ಅಟ್ಟದ ಮ್ಯಾಲಿದ್ರೆ ಒಳಗಿನ ನೀರು ಹಿಂಗಿ, ಕೊಬ್ರಿ ಚಿಪ್ಪು ಬಿಡ್ತದೆ. ಆಗ ಗುಡುಗುಡು ಅಂತದೆ. ಇದು ಅಂತಿಲ್ಲ. ಒಡೀದೇ ಇದ್ರೂ ಒಳಗೆ ಹೆಂಗೈತೆ ಅಂತ ನಂಗೆ ಗೊತ್ತಾಯ್ತದೆ."

ಮೇಡಂ ನೆಟ್ಟಗೆ ಕೂತರು. ಕನ್ನಡಕ ಹಾಕಿಕೊಂಡು ಈರಣ್ಣನ ಕಡೆ ತಿರುಗಿ ಜರ್ಮನ್ನಿನಲ್ಲಿ ಕೇಳಿದರು. "ನಮ್ಮ ಪುಸ್ತಕದವರು ಇದಕ್ಕೆ ಏನು ಹೇಳುತ್ತಾರೆ?"

ಈರಣ್ಣ ತಡವರಿಸುತ್ತ ಹೇಳಿದ. ಅಜ್ಜಿಗೆ ಗೊತ್ತಾದದ್ದು ಸದ್ದು ಮಾತ್ರ, ಕೊಬ್ಬರಿಯಲ್ಲ ಎನ್ನುತ್ತಾರೆ. ಕೊಬ್ಬರಿ ತನ್ನಷ್ಟಕ್ಕೆ ತಾನು ಹೇಗಿದೆಯೋ ಅದು ಅವಳಿಗೂ ತಿಳಿಯದು ಎನ್ನುತ್ತಾರೆ.

"ಸರಿಯೇ?"

ಹೂಂ ಎನ್ನಲು ಅವನ ತಲೆ ಆಗಲೇ ಬಗ್ಗತೊಡಗಿತ್ತು. ಅಷ್ಟರಲ್ಲಿ ಅಟ್ಟ ನೆನಪಾಯಿತು. ಚಿಕ್ಕಂದಿನಲ್ಲಿ ಅಜ್ಜಿಯ ಜೊತೆ ಅಲ್ಲಿ ಕೂತು ಎಷ್ಟು ಸಾವಿರ ಕಾಯಿ ಕಿವಿಗೆ ಹಿಡಿದಿರಲಿಲ್ಲ! ಆ ಸದ್ದಿನ ಬಗ್ಗೆ ಪುಸ್ತಕ ಬರೆದವರಿಗಿಂತ ತನಗೇ ಹೆಚ್ಚು ಗೊತ್ತಿದೆ ಎಂದು ಅನ್ನಿಸಿ ಅವನಿಗೆ ಗಾಬರಿಯಾಯಿತು.

"ನೈನ್" ಎಂದ, ಅಂದರೆ ಅಲ್ಲ.

ಹೇಳಿದ ಮೇಲೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಮುಂದೆಯೇ ಹೋದ. ಸದ್ದು ಅಜ್ಜಿಯ ಕಿವಿಯೊಳಗೆ ಹುಟ್ಟಿದ್ದಲ್ಲ. ಕೊಬ್ಬರಿ ಚಿಪ್ಪು ಬಿಡದಿದ್ದರೆ ಲೋಕದವರೆಲ್ಲ ಕಿವಿ ಕೊಟ್ಟರೂ ಕಾಯಿ ಗುಡುಗುಡು ಎನ್ನುವುದಿಲ್ಲ. ಅಂದರೆ ಒಳಗಿರುವುದು ತಾನಾಗಿಯೇ ಸ್ವಲ್ಪ ಹೊರಗೆ ಬರುತ್ತದೆ, ಪೂರ್ತಿ ಮುಚ್ಚಿಕೊಂಡು ಕೂತಿರುವುದಿಲ್ಲ. ವ್ಯಾಕರಣ ಎರಡು ಕಡೆ ತಪ್ಪಿತು, ಮೂರನೆಯ ಕಡೆ ಒಂದು ಪದವೇ ಸಿಗದೆ ಕೈಯಲ್ಲಿ ತೋರಿಸಿದ. ಮೇಡಂ ತಿದ್ದಲಿಲ್ಲ.

"ಹಾಗಾದರೆ ಅಜ್ಜಿ ಹೇಳಿದ್ದೇ ಸರಿ."

"ಅದೂ ಅಲ್ಲ" ಎಂದ ಈರಣ್ಣ. ಈ ಸಲ ಯೋಚಿಸಲೇ ಇಲ್ಲ. ಕೊಬ್ಬರಿ ಚಿಪ್ಪು ಬಿಟ್ಟಿದೆ ಎಂದು ಸದ್ದು ಹೇಳುತ್ತದೆ. ಸಿಹಿಯೋ, ಕೆಟ್ಟು ಕೌಟಾಗಿದೆಯೋ ಎಂದು ಹೇಳುವುದಿಲ್ಲ. ಅಜ್ಜಿಗೆ ಸ್ವಲ್ಪ ಗೊತ್ತು, ಎಲ್ಲವೂ ಗೊತ್ತಿದೆ ಎಂದು ಅವಳು ತಿಳಿದಿದ್ದಾಳೆ.

ತನ್ನ ಕಡೆ ನೋಡಿ ನೋಡಿ ಏನೋ ಹೇಳುತ್ತಿದ್ದಾನೆಂದು ತಿಮ್ಮಕ್ಕನಿಗೆ ತಿಳಿಯಿತು. "ಏನಂದ್ಯೋ? ನನ್ನ ಬಗ್ಗೆ ಏನೋ ಅಂದೆ. ಕನ್ನಡದಲ್ಲೇಳು."

ಹೇಳಿದ. ಮೊದಲರ್ಧ ಕೇಳಿ ಅವಳು ಬೀಗಿದಳು. ಎರಡನೆಯ ಅರ್ಧಕ್ಕೆ ಬಂದಾಗ ಅವನ ದನಿ ಇಳಿಯಿತು, ಆದರೆ ನಿಲ್ಲಲಿಲ್ಲ. "ನೀನೇಳಿದ್ದೂ ಪೂರ್ತಿ ಸರಿಯಿಲ್ಲ ಅಜ್ಜಿ."

"ಆಂ? ಐವತ್ತೊರ್ಷದಿಂದ ಕಾಯಿ ಅಲ್ಲಾಡುಸ್ತಿವ್ನಿ ಕಣೋ ನಾನು! ಅಮ್ಮಾವ್ರೇ, ಒಂದು ಮಚ್ಚು ಕೊಡ್ಸಿ."

ಮೇಡಂ ತಾವೇ ಒಳಗೆ ಹೋಗಿ ತಂದರು. ಗುಡುಗುಡು ಎನ್ನುವುದೊಂದನ್ನು ಮೇಡಂ ಕೈಯಿಂದಲೇ ಆರಿಸಿ ತೆಗೆಸಿ, ತಿಮ್ಮಕ್ಕ ಮಚ್ಚಿನ ಬೆನ್ನಿನಿಂದ ಸುತ್ತ ನಾಲ್ಕು ಏಟು ಕೊಟ್ಟಳು. ಚಿಪ್ಪು ಕಳಚಿತು. ಒಡಕಿಲ್ಲದ ದುಂಡು ಗಿಟುಕು ಹೊರಬಂತು. ಒಂದು ಚೂರು ಮೇಡಂ ಬಾಯಿಗೆ, ಒಂದು ಮೊಮ್ಮಗನ ಬಾಯಿಗೆ. ಸಕ್ಕರೆಯಂತಿತ್ತು.

"ಈಗೇಳು" ಎಂದಳು ತಿಮ್ಮಕ್ಕ, ಸೊಂಟದ ಮೇಲೆ ಕೈಯಿಟ್ಟು.

ಅಗಿಯುತ್ತಿದ್ದ ಈರಣ್ಣನ ನಾಲಿಗೆಯ ತುದಿಗೆ ಇಪ್ಪತ್ತು ವರ್ಷದ ಹೂಂ ಬಂದಿತ್ತು. ನುಂಗಿಕೊಂಡ.

"ಇದು ಸರಿಯಾಗೈತೆ. ಅಷ್ಟಕ್ಕೇ ಎಲ್ಲಾವೂ ಸರಿಯಾಗಿರ್ತವೆ ಅಂತ ನಾನು ಒಪ್ಪಲ್ಲ. ಹೋದ ಯುಗಾದೀಲಿ ನೀನು ಸರಿ ಅಂದಿದ್ದರಲ್ಲೇ ಏಳು ಕೌಟು ಬಂದಿದ್ವು."

"ಅದನ್ನ ಆವತ್ತೇ ಯಾಕೇಳ್ಲಿಲ್ಲ?"

"ನೀನು ಬೈತೀಯ ಅಂತ."

"ಈಗ ಬೈಯಲ್ವಾ?"

"ಬೈ" ಎಂದ ಈರಣ್ಣ.

ಸಾವಿತ್ರಮ್ಮ ಮೇಡಂ ನಕ್ಕರು. ಆಕೆ ನಗುವುದನ್ನು ಈರಣ್ಣ ನೋಡಿದ್ದು ಅದೇ ಮೊದಲು, ಬಾಯಿ ತುಂಬ ಕೊಬ್ಬರಿ ಇಟ್ಟುಕೊಂಡು, ಸೆರಗು ಅಡ್ಡ ಹಿಡಿದು. ಆಮೇಲೆ ಗಂಭೀರವಾಗಿ ಅಜ್ಜಿಯ ಎದುರಿಗೇ ಚಾಪೆಯ ಮೇಲೆ ಬಂದು ಕೂತರು.

"ಅಜ್ಜಿ, ಇನ್ನೆರಡು ವರ್ಷ ಇವನನ್ನ ನನ್ನ ಹತ್ತಿರ ಬಿಡ್ತೀರಾ? ಮನೇಲಿ ಬೇಡ ಅಂದ್ರೆ ನಾನು ರುಜು ಹಾಕಲ್ಲ. ಮನಸ್ಸಿಲ್ಲದ ಮನೆಯಿಂದ ಹುಡುಗರನ್ನ ಎಳ್ಕೊಂಡು ಹೋಗೋ ಅಭ್ಯಾಸ ನನಗಿಲ್ಲ."

ಈರಣ್ಣ ಬೆಳಿಗ್ಗೆಯಿಂದ ಪಟ್ಟ ಪಾಡೆಲ್ಲ ಕೊನೆಗೆ ಬಂದು ನಿಂತದ್ದು ಅಜ್ಜಿಯ ಬಾಯಿಗೆ. ಬೇಡ ಎನ್ನಲಿಕ್ಕೆಂದೇ ಹೊರಟಿದ್ದ ಬಾಯಿ ಅದು. ಒಂದೇ ಮಾತು ಸಾಕಿತ್ತು.

ತಿಮ್ಮಕ್ಕ ಚಿಪ್ಪಿನ ಚೂರುಗಳನ್ನು ಒಂದೊಂದಾಗಿ ಆರಿಸಿ ಚೀಲಕ್ಕೆ ಹಾಕಿದಳು. ಕೊನೆಗೆ ಮೂಗು ಒರೆಸಿಕೊಂಡು, "ಕರ್ಕಂಡೋಗಿ ಅಮ್ಮಾವ್ರೇ" ಎಂದಳು. "ಅದೇನು ಕಲುಸ್ತೀರೋ ಕಲ್ಸಿ. ರಜಕ್ಕೆ ಮಾತ್ರ ತಪ್ಪದಂಗೆ ಕಳ್ಸಿ."

ಮೇಡಂ ಪೆನ್ನು ತರಲು ಒಳಗೆ ಹೋದರು. ಜಗುಲಿಯಲ್ಲಿ ಇಬ್ಬರೇ ಉಳಿದರು. ತಿಮ್ಮಕ್ಕ ಮೊಮ್ಮಗನ ತಲೆಗೂದಲಲ್ಲಿ ಸಿಕ್ಕಿಕೊಂಡಿದ್ದ ಹಿಂಡಿಯ ಹೊಟ್ಟನ್ನು ಕೈಯಿಂದ ಕೊಡವಿದಳು.

"ನೀನಿಲ್ದಿದ್ರೆ ನಂಗೆ ಮನೇಲಿ ಹೊತ್ತೇ ಹೋಗಲ್ಲ ಕಣೋ" ಎಂದಳು. "ಆದ್ರೂ ಹೋಗು. ಊರಲ್ಲಿದ್ರೆ ನನ್ನ ಮಾತಿಗೆ, ನಿಮ್ಮಪ್ಪನ ಮಾತಿಗೆ ಹೂಂ ಹೂಂ ಅಂತ್ಲೇ ಮುದುಕ ಆಗ್ಬಿಡ್ತಿದ್ದೆ."

"ಇಲ್ಲ ಅಜ್ಜಿ, ಊರಲ್ಲಿದ್ರೂ ಇನ್ಮೇಲೆ ಬರೀ ಹೂಂ ಅನ್ನಲ್ಲ" ಎಂದ ಈರಣ್ಣ. ಅವನಿಗೆ ಅಳು ಬಂದಿತ್ತು. ಅಜ್ಜಿಯ ಕೈ ಹಿಡಿದುಕೊಂಡು, ನಗುತ್ತಲೇ ಅತ್ತ.